ಲಕ್ಷ್ಯ, ಲಕ್ಷಣ ಮತ್ತು ಪದವಿ

೧

ಇಂದು ಭಾರತದ ಯಾವುದಾದರೊಂದು ವಿಶ್ವವಿದ್ಯಾನಿಲಯದಲ್ಲಿ ಸಂಗೀತವನ್ನು ವ್ಯಾಸಂಗದ ವಿಷಯವನ್ನಾಗಿ ಆರಿಸಿಕೊಂಡು ಎಂ. ಎ. ಪದವಿಗೆ ಓದುವ ವಿದ್ಯಾರ್ಥಿಯು ಎರಡು ಬಗೆಯ ಪರೀಕ್ಷೆಗಳಿಗೆ ಒಳಗಾಗಬೇಕಾಗುತ್ತದೆ. ಒಂದು ದಿನ ಆತನು ಲೇಖನಿಯನ್ನು ಹಿಡಿದು, ಭರತನ ಗ್ರಾಮಮೂರ್ಛನೆಗಳನ್ನೂ ಶಾರ್ಙ್ಗದೇವನ ಶ್ರುತಿವಿಚಾರವನ್ನೂ ವೇಂಕಟಮಖಿಯ ಮೇಳಪ್ರಸ್ತಾರವನ್ನೂ ಕಾಗದದ ಮೇಲೆ ವಿವರಿಸಬೇಕು. ಮತ್ತೊಂದು ದಿನ ತಂಬೂರಿಯನ್ನು ಶ್ರುತಿಮಾಡಿಕೊಂಡು ಪರೀಕ್ಷಕರ ಎದುರಿಗೆ ಕುಳಿತು, ಅವರು ಕೇಳಿದ ರಾಗವನ್ನು ಕೇಳಿದ ಗಳಿಗೆಯಲ್ಲಿಯೇ ಹಾಡಿ ತೋರಿಸಬೇಕು. ಬರೆಯಬಲ್ಲವನಾಗಿ ಹಾಡಲಾರದವನಿಗೂ, ಹಾಡಬಲ್ಲವನಾಗಿ ಬರೆಯಲಾರದವನಿಗೂ ಪದವಿಯು ದೊರೆಯುವುದಿಲ್ಲ.

ಈ ಎರಡು ಕೆಲಸಗಳೂ ಒಬ್ಬನೇ ವ್ಯಕ್ತಿಯಿಂದ ಆಗಬೇಕೆಂಬುದು ಈಗ ಸಹಜವಾಗಿ ತೋರಬಹುದು. ಆದರೆ ೧೯ನೆಯ ಶತಮಾನದ ಕಡೆಯಲ್ಲಿ ಇಂತಹ ಮಾತನ್ನಾಡಿದವರನ್ನು ಪಂಡಿತರೂ ನಂಬುತ್ತಿರಲಿಲ್ಲ, ಗಾಯಕರೂ ನಂಬುತ್ತಿರಲಿಲ್ಲ. ಅಗಲಿದ್ದ ಆ ಎರಡು ವಿದ್ಯೆಗಳು ಒಂದೇ ಪದವಿಯ ಕೆಳಗೆ ಹೇಗೆ ಬಂದುವು, ಬರುವಾಗ ಯಾರು ಏನನ್ನು ಪಡೆದರು, ಯಾರು ಏನನ್ನು ಕಳೆದುಕೊಂಡರು ಎಂಬುದು ಕಲಾಭಿಮಾನಿಗಳು ತಿಳಿಯತಕ್ಕ ಸಂಗತಿಯಾಗಿದೆ. ಮಗನನ್ನಾಗಲಿ ಮಗಳನ್ನಾಗಲಿ ಸಂಗೀತದ ಉನ್ನತ ವ್ಯಾಸಂಗಕ್ಕೆ ಕಳುಹಿಸಬೇಕೆಂದು ಯೋಚಿಸುತ್ತಿರುವ ಮನೆಗಳವರಿಗಂತೂ ಇದು ಬರಿಯ ಚರಿತ್ರೆಯ ಮಾತಲ್ಲ.

೨

ಸಂಗೀತದಲ್ಲಿ ಲಕ್ಷ್ಯವೆಂದರೆ ಹಾಡುವ, ನುಡಿಸುವ ಪ್ರಯೋಗ. ಲಕ್ಷಣವೆಂದರೆ ಆ ಪ್ರಯೋಗವನ್ನು ನೋಡಿ ನಿರೂಪಿಸಿದ ಶಾಸ್ತ್ರ. ಪ್ರಾಚೀನ ಗ್ರಂಥಕಾರರು ಇವೆರಡನ್ನೂ ಬೇರೆ ಬೇರೆ ಜನರ ಸೊತ್ತೆಂದು ಎಣಿಸಿರಲಿಲ್ಲ. ೧೩ನೆಯ ಶತಮಾನದಲ್ಲಿ ದೇವಗಿರಿಯ ಯಾದವ ದೊರೆಯಾದ ಸಿಂಘಣನ ಆಶ್ರಯದಲ್ಲಿದ್ದು 'ಸಂಗೀತರತ್ನಾಕರ'ವನ್ನು ರಚಿಸಿದ ಶಾರ್ಙ್ಗದೇವನು, ವಾಗ್ಗೇಯಕಾರನ ಗುಣಗಳನ್ನು ಹೇಳುವಾಗ ವ್ಯಾಕರಣ, ನಿಘಂಟು, ಛಂದಸ್ಸು, ಅಲಂಕಾರಗಳ ಜ್ಞಾನವನ್ನೂ ಮಧುರವಾದ ಶಾರೀರವನ್ನೂ ಒಟ್ಟಿಗೆ ಎಣಿಸುತ್ತಾನೆ. ಒಂದಿದ್ದು ಇನ್ನೊಂದಿಲ್ಲದವನು ಆತನ ದೃಷ್ಟಿಯಲ್ಲಿ ಉತ್ತಮನಲ್ಲ.

ಈ ಶಾಸ್ತ್ರಪರಂಪರೆಯಲ್ಲಿ ಕನ್ನಡ ನಾಡಿನ ಪಾಲು ಸಣ್ಣದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಗೀತ, ವಾದ್ಯ, ನೃತ್ಯಗಳ ವಿಸ್ತಾರವಾದ ನಿರೂಪಣೆಯುಂಟು. ೧೫೫೦ರಲ್ಲಿ ವಿಜಯನಗರದ ರಾಮರಾಜನ ಅಪೇಕ್ಷೆಯಂತೆ ರಾಮಾಮಾತ್ಯನು 'ಸ್ವರಮೇಳಕಲಾನಿಧಿ'ಯನ್ನು ರಚಿಸಿದನು. ಶಾಸ್ತ್ರಗ್ರಂಥಗಳಲ್ಲಿ ಪರಸ್ಪರ ವಿರೋಧವಾಗಿ ಕಾಣುತ್ತಿದ್ದ ಮತಗಳನ್ನು ಆ ಕಾಲದ ಪ್ರಯೋಗಕ್ಕೆ ಹೊಂದಿಸುವುದೇ ಆ ಗ್ರಂಥದ ಉದ್ದೇಶವಾಗಿದ್ದಿತು. ಶಿವಗಂಗೆಯ ಸಮೀಪದ ಸಾತನೂರಿನವನಾದ ಪುಂಡರೀಕ ವಿಠ್ಠಲನು ಅದೇ ಶತಮಾನದಲ್ಲಿ ಉತ್ತರಕ್ಕೆ ನಡೆದು, ಖಾನದೇಶದ ಬುರ್ಹಾನ್ ಖಾನನ ಆಶ್ರಯವನ್ನು ಪಡೆದು, ತನ್ನ ಕರ್ಣಾಟಕ ಶಾಸ್ತ್ರಜ್ಞಾನವನ್ನೂ ಅಲ್ಲಿ ಕೇಳಿದ ರಾಗಗಳನ್ನೂ ಜೊತೆಗೂಡಿಸಿ 'ಸದ್ರಾಗಚಂದ್ರೋದಯ'ವೇ ಮೊದಲಾದ ಗ್ರಂಥಗಳನ್ನು ಬರೆದನು. ತಂಜಾವೂರಿನ ನಾಯಕರ ಆಸ್ಥಾನದಲ್ಲಿ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತನು ಕನ್ನಡ ಮನೆತನದವನು. ಆತನ ಮಗನಾದ ವೇಂಕಟಮಖಿಯು 'ಚತುರ್ದಂಡಿಪ್ರಕಾಶಿಕೆ'ಯಲ್ಲಿ ೭೨ ಮೇಳಗಳ ಪ್ರಸ್ತಾರವನ್ನು ಕಟ್ಟಿದನು. ತನ್ನ ಕಾಲದಲ್ಲಿ ರೂಢಿಯಲ್ಲಿದ್ದುವು ೧೯ ಮೇಳಗಳು ಮಾತ್ರವೆಂಬುದನ್ನು ಆತನು ಮರೆಮಾಚಲಿಲ್ಲ. ಲಕ್ಷಣವು ಲಕ್ಷ್ಯವನ್ನು ಮೀರಿ ಮುಂದಕ್ಕೆ ನೋಡಿದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯದು. ಆಗ ಬರಿಯ ಎಣಿಕೆಯಾಗಿದ್ದ ಮೇಳಗಳಲ್ಲಿ ಅನೇಕವು ಮುಂದೆ ವಾಗ್ಗೇಯಕಾರರ ಕೃತಿಗಳಿಂದ ಜೀವ ಪಡೆದುವು.

ಹೀಗಿದ್ದರೂ ಕಾಲಕ್ರಮದಲ್ಲಿ ಎರಡು ವಿದ್ಯೆಗಳೂ ಅಗಲಿದುವು. ಶಾಸ್ತ್ರಗ್ರಂಥಗಳು ಸಂಸ್ಕೃತದಲ್ಲಿದ್ದುವು, ತಾಳೆಗರಿಗಳ ಕಟ್ಟುಗಳಲ್ಲಿ ಪಂಡಿತರ ಅಟ್ಟಗಳನ್ನೂ ಅರಮನೆಗಳ ಭಂಡಾರಗಳನ್ನೂ ಸೇರಿದುವು. ಪ್ರಯೋಗವಾದರೋ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಇಳಿಯುತ್ತ ಬಂದಿತು. ಉತ್ತರದಲ್ಲಿ ಘರಾಣೆಗಳೆಂಬ ಮನೆತನಗಳು ಬೆಳೆದು, ವಿದ್ಯೆಯು ತಂದೆಯಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಸಲ್ಲುವ ಆಸ್ತಿಯಾಯಿತು. ಮಗಳ ಮದುವೆಯಲ್ಲಿ ಚೀಜುಗಳನ್ನೇ ಬಳುವಳಿಯಾಗಿ ಕೊಟ್ಟರೆಂಬ ಮಾತು ಗಾಯಕರಲ್ಲಿ ವಾಡಿಕೆಯಾಗಿದೆ. ಅದನ್ನು ಕೇಳಿ ನಗುವವರು ಒಂದು ಸಂಗತಿಯನ್ನು ನೆನೆಯಬೇಕು: ಹೊಲಗದ್ದೆಗಳಿಲ್ಲದ ಮನೆಗೆ ಆ ಚೀಜುಗಳೇ ಹೊಲಗದ್ದೆಗಳಾಗಿದ್ದುವು.

೩

ಈ ಬಿರುಕು ಭಾರತಕ್ಕೆ ಮಾತ್ರ ವಿಶೇಷವಾದುದೆಂದು ಭಾವಿಸಲಾಗದು. ಯೂರೋಪಿನ ಮಧ್ಯಯುಗದ ವಿಶ್ವವಿದ್ಯಾನಿಲಯಗಳಲ್ಲಿ ಸಂಗೀತವು ಅಂಕಗಣಿತ, ರೇಖಾಗಣಿತ, ಜ್ಯೋತಿಷಗಳ ಜೊತೆಗೆ ನಾಲ್ಕನೆಯ ಶಾಸ್ತ್ರವಾಗಿ ಸೇರಿದ್ದಿತು. ಆದರೆ ಅಲ್ಲಿ ಕಲಿಸುತ್ತಿದ್ದುದು ಸ್ವರಗಳ ನಡುವಣ ಪ್ರಮಾಣಗಳ ಗಣಿತವೇ ಹೊರತು ಗಾಯನವಲ್ಲ. ಆರನೆಯ ಶತಮಾನದ ಆದಿಯಲ್ಲಿದ್ದ ಬೊಯೀಥಿಯಸನು, ಬುದ್ಧಿಯಿಂದ ವಿಮರ್ಶಿಸುವವನೇ ನಿಜವಾದ ಸಂಗೀತಜ್ಞನೆಂದೂ ಹಾಡುವವನು, ನುಡಿಸುವವನು ಆತನಿಗಿಂತ ಕೆಳಗಿನವರೆಂದೂ ತೀರ್ಮಾನಿಸಿದ್ದನು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ೧೫ನೆಯ ಶತಮಾನದಿಂದಲೇ ಸಂಗೀತದ ಪದವಿಗಳಿದ್ದುದೇನೋ ದಿಟ. ಆದರೂ ಪ್ರಯೋಗವನ್ನು ಕ್ರಮವಾಗಿ ಕಲಿಸುವ ಕೆಲಸವು ೧೭೯೫ರಲ್ಲಿ ಸ್ಥಾಪಿತವಾದ ಪ್ಯಾರಿಸ್ಸಿನ ಕನ್ಸರ್ವೇಟರಿಯಂತಹ ಪ್ರತ್ಯೇಕ ಶಾಲೆಗಳ ಪಾಲಾಯಿತು. ಸಂಗೀತದ ಚರಿತ್ರೆಯನ್ನು ಒಂದು ಸ್ವತಂತ್ರ ಶಾಸ್ತ್ರವಾಗಿ ವಿಶ್ವವಿದ್ಯಾನಿಲಯಗಳಲ್ಲಿ ಕಟ್ಟಿದವರು ಜರ್ಮನ್ ಭಾಷೆಯ ವಿದ್ವಾಂಸರು. ೧೮೮೫ರಲ್ಲಿ ಗ್ವಿಡೊ ಆಡ್ಲರನು ಆ ಶಾಸ್ತ್ರದ ವ್ಯಾಪ್ತಿಯನ್ನೂ ವಿಧಾನವನ್ನೂ ಒಂದು ಪ್ರಬಂಧದಲ್ಲಿ ಗೊತ್ತುಮಾಡಿದನು. ಅಮೆರಿಕದಲ್ಲಿ ಆ ಶಾಸ್ತ್ರದ ಮೊದಲನೆಯ ಡಾಕ್ಟರ್ ಪದವಿಯು ಕಾರ್ನೆಲ್ ವಿಶ್ವವಿದ್ಯಾನಿಲಯದಿಂದ ೧೯೩೨ರಲ್ಲಿ ಕೊಡಲ್ಪಟ್ಟಿತು. ಹೀಗೆ ಅಲ್ಲಿಯೂ ಹಾಡುವ ಶಾಲೆಯೊಂದು, ಓದುವ ಶಾಲೆಯೊಂದು ಎಂಬ ವಿಭಾಗವು ಬಹುಕಾಲ ನಡೆಯಿತು.

೧೮೫೭ರಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ಲಂಡನ್ನಿನ ಮಾದರಿಯ ವಿಶ್ವವಿದ್ಯಾನಿಲಯಗಳು ಹುಟ್ಟಿದಾಗ ಅವುಗಳಲ್ಲಿ ಭಾರತೀಯ ಸಂಗೀತಕ್ಕೆ ಸ್ಥಳವಿರಲಿಲ್ಲ. ಆದುದರಿಂದ ಆ ಕೆಲಸವು ಹೊರಗಿನಿಂದಲೇ ಆರಂಭವಾಗಬೇಕಾಯಿತು.

೪

ಮೊದಲನೆಯ ಹೆಜ್ಜೆಯನ್ನಿಟ್ಟದ್ದು ಬಡೋದೆಯ ಸಂಸ್ಥಾನ. ಮಹಾರಾಜ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ೧೮೮೬ರಲ್ಲಿ ಅಲ್ಲಿ ಒಂದು ಗಾಯನಶಾಲೆಯು ಏರ್ಪಟ್ಟಿತು. ಮೌಲಾಬಕ್ಷರು ಅದರ ಮುಖ್ಯಸ್ಥರಾದರು. ಇವರು ತಮ್ಮ ತಾರುಣ್ಯದಲ್ಲಿ ಮೈಸೂರಿಗೆ ಬಂದು, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಮನ್ನಣೆ ಪಡೆದು, ದಕ್ಷಿಣದ ಸಂಗೀತವನ್ನೂ ಅಭ್ಯಾಸ ಮಾಡಿದವರು. ಹಾಡನ್ನು ಅಕ್ಷರದಲ್ಲಿ ಬರೆದಿಡುವ ಸ್ವರಲಿಪಿಯನ್ನು ಅವರು ಪಾಠಕ್ಕೆ ಬಳಸಿದರು. ಗುರುವಿನ ಮನೆಯ ಜಗಲಿಯ ಬದಲಾಗಿ ತರಗತಿ, ಹಾಜರಿ ಪುಸ್ತಕ, ಪಾಠಕ್ರಮಗಳು ಸಂಗೀತಕ್ಕೂ ಬಂದುವು.

ಎರಡನೆಯ ಹೆಜ್ಜೆಯನ್ನಿಟ್ಟವರು ವಿಷ್ಣು ದಿಗಂಬರ ಪಲುಸ್ಕರರು. ೧೮೭೨ರಲ್ಲಿ ಕುರುಂದವಾಡದಲ್ಲಿ ಜನಿಸಿದ ಇವರಿಗೆ ಬಾಲ್ಯದಲ್ಲಿ ಪಟಾಕಿಯ ಅಪಘಾತದಿಂದ ಕಣ್ಣಿನ ದೃಷ್ಟಿಯು ಕುಂದಿತು. ಓದಿನ ದಾರಿಯು ಮುಚ್ಚಿದುದರಿಂದ ಮೀರಜಿನಲ್ಲಿ ಬಾಲಕೃಷ್ಣಬುವಾ ಇಚಲಕರಂಜೀಕರರಲ್ಲಿ ಗಾಯನವನ್ನು ಕಲಿತರು. ಇದೇ ಬಾಲಕೃಷ್ಣಬುವಾ ಅವರ ಮತ್ತೊಬ್ಬ ಶಿಷ್ಯರಾದ ನೀಲಕಂಠಬುವಾ ಅವರ ಮೂಲಕ ಆ ಪರಂಪರೆಯು ಪಂಚಾಕ್ಷರಿ ಗವಾಯಿಗಳಿಗೂ ಮಲ್ಲಿಕಾರ್ಜುನ ಮನಸೂರರಿಗೂ ಇಳಿದು ಉತ್ತರ ಕರ್ನಾಟಕದಲ್ಲಿ ಬೇರೂರಿತು. ಪಲುಸ್ಕರರಿಗೆ ಸಂಸ್ಥಾನದ ಆಶ್ರಯದಲ್ಲಿ ಹಾಡಿಕೊಂಡಿರುವುದು ಸಾಕಾಗಲಿಲ್ಲ. ಗಾಯಕನಿಗೆ ಊಟವಿದ್ದರೂ ಮರ್ಯಾದೆಯಿಲ್ಲದ ಸ್ಥಿತಿಯು ಅವರ ಮನಸ್ಸನ್ನು ಚುಚ್ಚುತ್ತಿದ್ದಿತು. ೧೯೦೧ನೆಯ ಇಸವಿ ಮೇ ೫ನೆಯ ತಾರೀಖು ಅವರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ಅದು ಯಾವ ಅರಸನ ಕೊಡುಗೆಯೂ ಆಗಿರದೆ, ಸಾರ್ವಜನಿಕರ ಶುಲ್ಕ, ದಾನ ಮತ್ತು ಕಛೇರಿಗಳ ಹಣದಿಂದ ನಡೆದುದು ವಿಶೇಷ. ಪಠ್ಯಪುಸ್ತಕಗಳನ್ನು ಅಚ್ಚುಹಾಕಿಸಿದರು, ಪರೀಕ್ಷೆಗಳನ್ನು ನಡೆಸಿದರು, ಬಡ ಹುಡುಗರನ್ನು ಅನ್ನವಸ್ತ್ರಗಳನ್ನು ಕೊಟ್ಟು ಇರಿಸಿಕೊಂಡು ಅನೇಕ ವರ್ಷ ಕಲಿಸಿ ಉಪದೇಶಕರನ್ನಾಗಿ ಮಾಡಿದರು. ೧೯೦೮ರಲ್ಲಿ ವಿದ್ಯಾಲಯವು ಮುಂಬಯಿಗೆ ಬಂದಿತು. ಅಲ್ಲಿ ಕಟ್ಟಿದ ದೊಡ್ಡ ಕಟ್ಟಡವು ಸಾಲದ ಹೊರೆಯಿಂದ ಹರಾಜಿಗೆ ಬಂದಿತಾದರೂ, ಅವರು ತಯಾರಿಸಿದ ಶಿಷ್ಯರು ಊರೂರುಗಳಲ್ಲಿ ಶಾಲೆಗಳನ್ನು ತೆರೆದರು. ೧೯೩೧ರಲ್ಲಿ ಪಲುಸ್ಕರರು ತೀರಿಕೊಂಡ ಬಳಿಕ ಅದೇ ವರ್ಷ ಆ ಶಿಷ್ಯರು ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲವನ್ನು ಸ್ಥಾಪಿಸಿದರು. ವಿಶಾರದ, ಅಲಂಕಾರ ಎಂಬ ಪದವಿಗಳು ಕರ್ನಾಟಕದ ಗೃಹಸ್ಥರ ಮನೆಗಳಿಗೂ ಪರಿಚಿತವಾದುದು ಈ ಮಂಡಲದ ಪರೀಕ್ಷೆಗಳ ಮೂಲಕ.

೫

ಪಲುಸ್ಕರರು ಪ್ರಯೋಗದ ಕಡೆಯಿಂದ ಬಂದವರಾದರೆ, ವಿಷ್ಣು ನಾರಾಯಣ ಭಾತಖಂಡೆಯವರು ಶಾಸ್ತ್ರದ ಕಡೆಯಿಂದ ಬಂದವರು. ೧೮೬೦ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಇವರು ಬಿ. ಎ. ಮತ್ತು ಎಲ್‌ಎಲ್. ಬಿ. ಪದವಿಗಳನ್ನು ಪಡೆದು ವಕೀಲಿಯನ್ನು ನಡೆಸಿದವರು. ಸಾಕ್ಷಿಗಳನ್ನು ಕೇಳಿ, ದಾಖಲೆಗಳನ್ನು ಹೋಲಿಸಿ, ಸತ್ಯವನ್ನು ಗೊತ್ತುಮಾಡುವ ಆ ವೃತ್ತಿಯ ಅಭ್ಯಾಸವನ್ನೇ ಸಂಗೀತಕ್ಕೂ ಹಚ್ಚಿದರೆಂದು ಹೇಳಬಹುದು. ೧೯೦೪ರಲ್ಲಿ ದಕ್ಷಿಣದಲ್ಲಿ ಪ್ರವಾಸ ಮಾಡಿ, ಎಟ್ಟಯಾಪುರದಲ್ಲಿ ಸುಬ್ಬರಾಮ ದೀಕ್ಷಿತರನ್ನು ಕಂಡು ಮಾತನಾಡಿದರು. ವೇಂಕಟಮಖಿಯ ಮೇಳಪದ್ಧತಿಯ ಪರಿಚಯವು ಅವರ ವಿಚಾರಕ್ಕೆ ಒಂದು ತಿರುವನ್ನು ಕೊಟ್ಟಿತು. ಉತ್ತರದಲ್ಲಿ ರಾಗಗಳನ್ನು ಆರು ಪುರುಷರಾಗಗಳು, ಅವುಗಳ ರಾಗಿಣಿಯರು, ಪುತ್ರರು ಎಂದು ಕುಟುಂಬಗಳನ್ನಾಗಿ ವಿಂಗಡಿಸುವ ಹಳೆಯ ಪದ್ಧತಿಯಿದ್ದಿತು. ಹಾಡುವವರ ಪ್ರಯೋಗಕ್ಕೂ ಅದಕ್ಕೂ ಹೊಂದಿಕೆಯಿರಲಿಲ್ಲ. ಭಾತಖಂಡೆಯವರು ಅದನ್ನು ಬಿಟ್ಟು, ಸ್ವರಗಳನ್ನೇ ಆಧಾರವಾಗಿಟ್ಟುಕೊಂಡು ೧೦ ಥಾಟುಗಳಲ್ಲಿ ರಾಗಗಳನ್ನು ಹಂಚಿದರು. ೧೯೧೦ರಲ್ಲಿ ಚತುರಪಂಡಿತನೆಂಬ ಗುಪ್ತನಾಮದಿಂದ ಸಂಸ್ಕೃತದಲ್ಲಿ 'ಶ್ರೀಮಲ್ಲಕ್ಷ್ಯಸಂಗೀತ'ವನ್ನು ಪ್ರಕಟಿಸಿದರು. ಗ್ರಂಥದ ಹೆಸರಿನಲ್ಲಿಯೇ ಲಕ್ಷ್ಯವೆಂಬ ಮಾತಿರುವುದು ಗಮನಾರ್ಹವಾಗಿದೆ: ಹಳೆಯ ಗ್ರಂಥಗಳು ಏನನ್ನು ಹೇಳುತ್ತವೆಯೆಂಬುದಕ್ಕಿಂತ, ತಮ್ಮ ಕಾಲದಲ್ಲಿ ಹಾಡುತ್ತಿರುವುದೇನೆಂಬುದೇ ಅವರಿಗೆ ಮುಖ್ಯವಾಗಿದ್ದಿತು.

ಹಾಡುತ್ತಿರುವುದೇನೆಂಬುದನ್ನು ತಿಳಿಯಲು ಅವರು ಉಸ್ತಾದರ ಬಾಗಿಲಿಗೇ ಹೋದರು. ಜಯಪುರದ ಮಹಮ್ಮದ್ ಅಲಿ ಖಾನರು, ರಾಮಪುರದ ವಜೀರ್ ಖಾನರು ಮೊದಲಾದವರಿಂದ ಚೀಜುಗಳನ್ನು ಕಲಿತು, ಬರೆದುಕೊಂಡು, 'ಕ್ರಮಿಕ ಪುಸ್ತಕ ಮಾಲಿಕೆ'ಯ ೬ ಭಾಗಗಳಲ್ಲಿ ಸ್ವರಲಿಪಿಸಹಿತವಾಗಿ ಅಚ್ಚುಹಾಕಿಸಿದರು. ಸಾವಿರಕ್ಕೂ ಮಿಕ್ಕ ಚೀಜುಗಳು ಇದರಿಂದ ಸಾರ್ವಜನಿಕರ ಕೈಸೇರಿದುವು. ಬಡೋದೆಯಲ್ಲಿ ೧೯೧೬ರಲ್ಲಿ ಅಖಿಲ ಭಾರತ ಸಂಗೀತ ಪರಿಷತ್ತನ್ನು ಕೂಡಿಸಿದರು. ಅದರ ಅಧಿವೇಶನಗಳು ೧೯೧೮ರಲ್ಲಿ ದಿಲ್ಲಿಯಲ್ಲಿ, ೧೯೧೯ರಲ್ಲಿ ಕಾಶಿಯಲ್ಲಿ, ೧೯೨೪ ಮತ್ತು ೧೯೨೫ರಲ್ಲಿ ಲಖನೌದಲ್ಲಿ ನಡೆದುವು. ಪಂಡಿತನೂ ಉಸ್ತಾದನೂ ಒಂದೇ ಸಭೆಯಲ್ಲಿ ಕುಳಿತು ಒಂದು ರಾಗದ ರೂಪವನ್ನು ಚರ್ಚಿಸುವುದು ಅದುವರೆಗೆ ಅಪರೂಪವಾಗಿದ್ದಿತು. ಈ ಪರಿಷತ್ತುಗಳ ಫಲವಾಗಿ ೧೯೨೬ರಲ್ಲಿ ಲಖನೌದಲ್ಲಿ ಒಂದು ಸಂಗೀತ ಕಾಲೇಜು ಹುಟ್ಟಿ, ಆಗಿನ ಗವರ್ನರರಾಗಿದ್ದ ಮ್ಯಾರಿಸರ ಹೆಸರನ್ನು ಪಡೆಯಿತು.

ಆ ಕಾಲೇಜಿನ ಅಧ್ಯಕ್ಷತೆಯನ್ನು ೧೯೨೮ರಿಂದ ಬಹುಕಾಲ ನಿರ್ವಹಿಸಿದವರು ಶ್ರೀಕೃಷ್ಣ ನಾರಾಯಣ ರಾತಂಜನಕರರು. ಅವರು ಭಾತಖಂಡೆಯವರಲ್ಲಿ ಶಾಸ್ತ್ರವನ್ನು ಕಲಿತು, ಬಡೋದೆಯಲ್ಲಿ ಫೈಯಾಜ್ ಖಾನರಲ್ಲಿ ಆಗ್ರಾ ಘರಾಣೆಯ ಗಾಯನವನ್ನು ಕಲಿತು, ಮುಂಬಯಿ ವಿಶ್ವವಿದ್ಯಾನಿಲಯದ ಪದವಿಯನ್ನೂ ಪಡೆದಿದ್ದರು. ಭಾತಖಂಡೆಯವರು ಕನಸಿನಲ್ಲಿ ಕಂಡಿದ್ದ ಶಿಷ್ಯನು ಹೀಗೆ ಮೊದಲು ಶರೀರಧಾರಿಯಾದನು. ೧೯೩೬ರಲ್ಲಿ ಬೈಲಹೊಂಗಲದ ೧೧ ವರ್ಷದ ಬಾಲಕನೊಬ್ಬನು ರಾತಂಜನಕರರ ಬಳಿಗೆ ಲಖನೌಗೆ ಹೋಗಿ ಸೇರಿದನು; ಮುಂದೆ ಕೆ. ಜಿ. ಗಿಂಡೆಯವರೆಂದು ಪ್ರಸಿದ್ಧರಾದ ಈತನು ಅಚ್ಚಾದ ಪಠ್ಯಕ್ರಮವನ್ನೂ ಗುರುವಿನ ಮನೆಯ ವಾಸವನ್ನೂ ಒಟ್ಟಿಗೆ ಅನುಭವಿಸಿದವನು. ಕಾಲೇಜು ಎಂದರೆ ಗುರುಕುಲದ ನಾಶವೆಂದು ಹೇಳುವವರು ಈ ಉದಾಹರಣೆಯನ್ನು ಲಕ್ಷಿಸಬೇಕು. ಅಲ್ಲಿ ಹೊರಗೆ ವಿದ್ಯಾಲಯವಿದ್ದರೂ ಒಳಗೆ ಗುರುಕುಲವೇ ಇದ್ದಿತು.

೬

ಆದರೆ ಈ ಸಾಧನೆಗೆ ಬೆಲೆಯನ್ನು ತೆತ್ತವರೂ ಇದ್ದಾರೆ. ಉಸ್ತಾದರು ತಮ್ಮ ಚೀಜುಗಳನ್ನು ಹೇಳಿಕೊಡಲು ಹಿಂಜರಿದುದನ್ನು ಅನೇಕ ಸುಶಿಕ್ಷಿತರು ಬರಿಯ ಜಿಪುಣತನವೆಂದೂ ಅಜ್ಞಾನವೆಂದೂ ವರ್ಣಿಸಿದರು. ಅದು ನ್ಯಾಯವಾದ ಮಾತಲ್ಲ. ಮನೆತನದ ಜೀವನೋಪಾಯವಾಗಿದ್ದ ವಿದ್ಯೆಯು ಕೆಲವು ಆಣೆಗಳ ಪುಸ್ತಕವಾಗಿ ಪೇಟೆಯಲ್ಲಿ ಮಾರಾಟವಾಗುವಾಗ, ಆ ಮನೆತನಕ್ಕೆ ಉಳಿಯುವುದೇನೆಂಬ ಪ್ರಶ್ನೆಗೆ ಸುಧಾರಕರಲ್ಲಿ ಸರಿಯಾದ ಉತ್ತರವಿರಲಿಲ್ಲ. ಹೊಸ ವಿದ್ಯಾಲಯಗಳಲ್ಲಿ ಅಧ್ಯಾಪಕರ ಸ್ಥಾನಗಳು ಓದುಬರಹ ಬಲ್ಲವರಿಗೆ ಸುಲಭವಾಗಿ ದೊರೆತುವು. ತಲೆಮಾರುಗಳಿಂದ ಹಾಡಿಕೊಂಡು ಬಂದು ಅಕ್ಷರವನ್ನರಿಯದವರಿಗೆ ಅಷ್ಟು ಸುಲಭವಾಗಿ ದೊರೆಯಲಿಲ್ಲ. ೧೯೫೨ರ ತರುವಾಯ ಆಕಾಶವಾಣಿಯು ಕಲಾವಿದರನ್ನು ಧ್ವನಿಪರೀಕ್ಷೆಯ ಮೂಲಕ ಶ್ರೇಣಿಗಳನ್ನಾಗಿ ವಿಂಗಡಿಸಲು ತೊಡಗಿ, ರಾತಂಜನಕರರನ್ನು ಆ ಪರೀಕ್ಷೆಗೆ ಮುಖ್ಯರನ್ನಾಗಿ ಮಾಡಿದಾಗ ಅನೇಕ ಗಾಯಕರು ಅದನ್ನು ಪ್ರತಿಭಟಿಸಿದುದರ ಹಿಂದೆ ಈ ಹಳೆಯ ನೋವೂ ಇದ್ದಿತು.

ಶಾಸ್ತ್ರದ ಕಡೆಯಿಂದಲೂ ಆಕ್ಷೇಪಣೆಗಳು ಬಂದುವು. ಹತ್ತು ಥಾಟುಗಳಲ್ಲಿ ಎಲ್ಲ ರಾಗಗಳೂ ಅಡಗುವುದಿಲ್ಲವೆಂದು ಪಲುಸ್ಕರರ ಶಿಷ್ಯರಾದ ಓಂಕಾರನಾಥ ಠಾಕೂರರು ಕಟುವಾಗಿ ವಾದಿಸಿದರು. ಬರೆದ ಸ್ವರವು ಹಾಡಿದ ಸ್ವರದ ನೆರಳು ಮಾತ್ರ. ಮೀಂಡು, ಆಂದೋಲನ, ಗಮಕಗಳ ಸೂಕ್ಷ್ಮವನ್ನು ಯಾವ ಲಿಪಿಯೂ ಪೂರ್ಣವಾಗಿ ಹಿಡಿಯದು. ಈ ಆಕ್ಷೇಪಣೆಗಳಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಬರೆಯದೆ ಬಿಟ್ಟಿದ್ದರೆ ಉಸ್ತಾದರೊಡನೆಯೇ ಮಣ್ಣಾಗುತ್ತಿದ್ದ ಚೀಜುಗಳು ಎಷ್ಟೋ ಉಳಿದುವೆಂಬುದನ್ನೂ ಅಲ್ಲಗಳೆಯುವಂತಿಲ್ಲ.

ಈ ಬದಲಾವಣೆಯಿಂದ ಎಲ್ಲರಿಗಿಂತ ಹೆಚ್ಚಿನ ಲಾಭವನ್ನು ಪಡೆದವರು ಹೆಣ್ಣುಮಕ್ಕಳು. ಅದಕ್ಕೆ ಹಿಂದೆ ಸಭೆಯಲ್ಲಿ ಹಾಡುವುದು ಕಲಾವಂತರ ಮನೆತನಗಳ ಸ್ತ್ರೀಯರಿಗೆ ಮಾತ್ರ ಮೀಸಲಾಗಿದ್ದಿತು. ಉಳಿದ ಮನೆಗಳಲ್ಲಿ ಹಸೆಯ ಹಾಡು, ದೇವರನಾಮಗಳಿಗಿಂತ ಮುಂದೆ ಹೋಗುವುದು ಮರ್ಯಾದೆಯಲ್ಲವೆಂದು ಭಾವಿಸುತ್ತಿದ್ದರು. ಸಂಗೀತವು ಶಾಲೆಯ ವಿಷಯವಾಗಿ, ಪರೀಕ್ಷೆಯಾಗಿ, ಪದವಿಯಾಗಿ ಬಂದುದರಿಂದ ಆ ಸಂಕೋಚವು ಸಡಿಲಿತು. ಇನ್ನೊಂದು ಪಕ್ಷದಲ್ಲಿ, ವಿದ್ಯೆಯನ್ನು ಆ ತನಕ ಕಾಪಾಡಿಕೊಂಡು ಬಂದಿದ್ದ ಕಲಾವಂತರ ಮನೆಗಳ ಸ್ತ್ರೀಯರನ್ನು ಅದೇ ಮರ್ಯಾದೆಯ ಹೆಸರಿನಲ್ಲಿ ಹೊರಗೆ ನಿಲ್ಲಿಸಿದುದೂ ಉಂಟು. ಚರಿತ್ರೆಯು ಈ ಎರಡನ್ನೂ ಒಟ್ಟಿಗೆ ಬರೆದಿಡಬೇಕು.

೭

ದಕ್ಷಿಣದಲ್ಲಿ ಕಥೆಯು ಬೇರೆಯಾಗಿ ನಡೆಯಿತು. ಇಲ್ಲಿ ಕೀರ್ತನೆಗಳ ಪಾಠವು ಉತ್ತರದಷ್ಟು ಗುಪ್ತವಾಗಿರಲಿಲ್ಲ. ಪುರಂದರದಾಸರು ಕಟ್ಟಿಕೊಟ್ಟರೆಂದು ಸಂಪ್ರದಾಯವು ಹೇಳುವ ಸರಳೆ, ಜಂಟಿ, ಅಲಂಕಾರ, ಗೀತೆಗಳ ಸೋಪಾನವು ಎಲ್ಲ ಗುರುಗಳಿಗೂ ಸಮಾನವಾಗಿದ್ದಿತು. ಸುಬ್ಬರಾಮ ದೀಕ್ಷಿತರ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯು ೧೯೦೪ರಲ್ಲಿಯೇ ಎಟ್ಟಯಾಪುರದಿಂದ ಹೊರಬಿದ್ದು, ಕೃತಿಗಳನ್ನೂ ಶಾಸ್ತ್ರವನ್ನೂ ಚರಿತ್ರೆಯನ್ನೂ ಒಂದೇ ಗ್ರಂಥದಲ್ಲಿ ಸೇರಿಸಿದ್ದಿತು. ೧೯೨೭ರಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ಸಿನ ಅಧಿವೇಶನದೊಡನೆ ನಡೆದ ಸಂಗೀತ ಸಮ್ಮೇಳನದ ಫಲವಾಗಿ ಮರುವರ್ಷ ಸಂಗೀತ ಅಕಾಡೆಮಿಯು ಹುಟ್ಟಿತು. ೧೯೨೯ರಲ್ಲಿ ಚಿದಂಬರದಲ್ಲಿ ಅಣ್ಣಾಮಲೈ ಚೆಟ್ಟಿಯಾರರು ಸಂಗೀತ ಕಾಲೇಜನ್ನು ಸ್ಥಾಪಿಸಿದರು. ೧೯೩೨ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಟೈಗರ್ ವರದಾಚಾರ್ಯರನ್ನು ಮುಖ್ಯರನ್ನಾಗಿ ಮಾಡಿಕೊಂಡು ಭಾರತೀಯ ಸಂಗೀತದ ಡಿಪ್ಲೊಮಾ ವ್ಯಾಸಂಗವನ್ನು ಆರಂಭಿಸಿತು. ಕಛೇರಿಯಲ್ಲಿ ಹೆಸರುಗಳಿಸಿದ ವಿದ್ವಾಂಸರನ್ನೇ ವಿಶ್ವವಿದ್ಯಾನಿಲಯವು ಪೀಠದಲ್ಲಿ ಕೂಡಿಸಿದುದು ದಕ್ಷಿಣದ ಭಾಗ್ಯ. ಅದೇ ವಿಶ್ವವಿದ್ಯಾನಿಲಯದಲ್ಲಿ ಪಿ. ಸಾಂಬಮೂರ್ತಿಯವರು ಜರ್ಮನಿಯಲ್ಲಿ ಪಾಶ್ಚಾತ್ಯ ಸಂಗೀತಶಾಸ್ತ್ರದ ಅಭ್ಯಾಸವನ್ನು ಮಾಡಿ ಬಂದು, ಕರ್ಣಾಟಕ ಸಂಗೀತದ ಚರಿತ್ರೆಗೂ ಲಕ್ಷಣಕ್ಕೂ ಕ್ರಮವಾದ ಪಠ್ಯಗ್ರಂಥಗಳನ್ನು ಬರೆದರು.

ಮೈಸೂರಿನಲ್ಲಿ ವಿಶ್ವವಿದ್ಯಾನಿಲಯಕ್ಕಿಂತ ಮೊದಲು ಅರಮನೆಯೇ ವಿದ್ಯಾಲಯವಾಗಿದ್ದಿತು. ಬಾಲಕರಾಗಿದ್ದ ವಾಸುದೇವಾಚಾರ್ಯರು ಮಹಾರಾಜರ ಸಂಸ್ಕೃತ ಪಾಠಶಾಲೆಯಲ್ಲಿ ಶಾಸ್ತ್ರಗಳನ್ನು ಓದಿದ ಬಳಿಕ, ಚಾಮರಾಜ ಒಡೆಯರು ಅವರಿಗೆ ವೇತನವನ್ನು ಗೊತ್ತುಮಾಡಿ ತಿರುವೈಯಾರಿಗೆ ಪಟ್ನಂ ಸುಬ್ರಹ್ಮಣ್ಯ ಅಯ್ಯರವರಲ್ಲಿ ಕಲಿಯಲು ಕಳುಹಿಸಿದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೊಂದು ಉನ್ನತ ವ್ಯಾಸಂಗದ ವಿದ್ಯಾರ್ಥಿವೇತನವೇ. ಪಾಂಡಿತ್ಯ, ಗಾಯನ, ಕೃತಿರಚನೆ ಮೂರೂ ಅವರಲ್ಲಿ ಕೂಡಿದುವು. ಇಳಿವಯಸ್ಸಿನಲ್ಲಿ 'ನಾ ಕಂಡ ಕಲಾವಿದರು' ಎಂಬ ಗ್ರಂಥವನ್ನು ಬರೆದು, ತಾವು ಕೇಳಿದ ವಿದ್ವಾಂಸರ ಚರಿತ್ರೆಯನ್ನು ಕನ್ನಡಕ್ಕೆ ಉಳಿಸಿಕೊಟ್ಟರು.

೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದರೂ ಸಂಗೀತದ ವ್ಯಾಸಂಗವು ಅದರಲ್ಲಿ ನೆಲೆಗೊಳ್ಳಲು ದಶಕಗಳೇ ಬೇಕಾದುವು. ಆ ನಡುವಣ ಕಾಲದಲ್ಲಿ ಸಂಗೀತಶಾಸ್ತ್ರವು ಬೇರೆ ವಿಭಾಗಗಳ ಅಧ್ಯಾಪಕರಲ್ಲಿ ಆಶ್ರಯ ಪಡೆದಿದ್ದಿತು. ರಾಳ್ಲಪಲ್ಲಿ ಅನಂತಕೃಷ್ಣಶರ್ಮರು ಮಹಾರಾಜಾ ಕಾಲೇಜಿನಲ್ಲಿ ಕಲಿಸುತ್ತಿದ್ದುದು ತೆಲುಗು ಸಾಹಿತ್ಯವನ್ನು. ಆದರೆ ಸಂಗೀತದಲ್ಲಿ ಅವರ ಮಾತು ವಿದ್ವಾಂಸರಿಗೆ ಪ್ರಮಾಣವಾಗಿದ್ದಿತು. ರಾ. ಸತ್ಯನಾರಾಯಣರು ಓದಿ ಕಲಿಸಿದುದು ರಸಾಯನಶಾಸ್ತ್ರವನ್ನು. ಆದರೆ ಸಾತನೂರಿನ ಪುಂಡರೀಕ ವಿಠ್ಠಲನ 'ನರ್ತನನಿರ್ಣಯ'ವನ್ನು ಸಂಪಾದಿಸಿ, ವ್ಯಾಖ್ಯಾನಸಹಿತವಾಗಿ ವಿದ್ವಲ್ಲೋಕದ ಮುಂದಿಟ್ಟವರು ಅವರೇ. ೧೯೬೫ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸಂಗೀತ ನೃತ್ಯಗಳಿಗಾಗಿ ಪ್ರತ್ಯೇಕ ಕಾಲೇಜನ್ನು ತೆರೆಯಿತು.

೮

ಸ್ವಾತಂತ್ರ್ಯದ ತರುವಾಯ ವಿಶ್ವವಿದ್ಯಾನಿಲಯಗಳ ಬಾಗಿಲುಗಳು ಒಂದೊಂದಾಗಿ ತೆರೆದುವು. ಬಡೋದೆಯ ಹಳೆಯ ಗಾಯನಶಾಲೆಯು ೧೯೪೯ರಲ್ಲಿ ಹುಟ್ಟಿದ ಅಲ್ಲಿಯ ವಿಶ್ವವಿದ್ಯಾನಿಲಯದ ಅಂಗವಾಯಿತು. ೧೯೫೦ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಓಂಕಾರನಾಥ ಠಾಕೂರರ ನೇತೃತ್ವದಲ್ಲಿ ಸಂಗೀತ ಕಾಲೇಜು ಆರಂಭವಾಯಿತು. ೧೯೫೬ರಲ್ಲಿ ಖೈರಾಗಢದ ರಾಜದಂಪತಿಗಳು, ತೀರಿಹೋದ ಮಗಳು ಇಂದಿರೆಯ ನೆನಪಿಗಾಗಿ ತಮ್ಮ ಅರಮನೆಯನ್ನೇ ಬಿಟ್ಟುಕೊಟ್ಟು, ಕಲೆಗಳಿಗೆಂದೇ ಮೀಸಲಾದ ವಿಶ್ವವಿದ್ಯಾನಿಲಯಕ್ಕೆ ಕಾರಣರಾದರು. ೧೯೬೦ರಲ್ಲಿ ದಿಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಸಂಗೀತದ ವಿಭಾಗವು ಏರ್ಪಟ್ಟಿತು. ೧೯೬೬ರಲ್ಲಿ ಕಾಶಿಯಲ್ಲಿ ಸಂಗೀತಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವನ್ನು ತೆರೆದು ಅದರ ಹೊಣೆಯನ್ನು ಠಾಕೂರರ ಶಿಷ್ಯೆಯಾದ ಪ್ರೇಮಲತಾ ಶರ್ಮರಿಗೆ ಒಪ್ಪಿಸಿದರು. ಸಂಸ್ಕೃತ ಗ್ರಂಥಗಳ ಸಂಪಾದನೆಯಲ್ಲಿ ನುರಿತ ಆಕೆಯು ಗಾಯನವನ್ನೂ ಕ್ರಮವಾಗಿ ಕಲಿತವಳು. ಮತಂಗನ 'ಬೃಹದ್ದೇಶಿ'ಯು ಆಕೆಯ ಕೈಯಲ್ಲಿ ಪರಿಶುದ್ಧವಾದ ಪಾಠವನ್ನು ಪಡೆಯಿತು.

ಧಾರವಾಡದ ಸಂಗತಿ ಇನ್ನೂ ಸ್ವಾರಸ್ಯವಾದುದು. ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿಯೇ ಶಾಲೆಯನ್ನು ಬಿಟ್ಟು ನಾಟಕ ಕಂಪನಿಯನ್ನು ಸೇರಿದವರು. ಕರ್ನಾಟಕ ವಿಶ್ವವಿದ್ಯಾನಿಲಯವು ಅವರನ್ನೇ ತನ್ನ ಸಂಗೀತ ವಿಭಾಗದ ಗೌರವ ನಿರ್ದೇಶಕರನ್ನಾಗಿ ಮಾಡಿಕೊಂಡಿತು. ಗಂಗೂಬಾಯಿ ಹಾನಗಲ್ಲರ ಶಾಲೆಯ ಓದು ಪ್ರಾಥಮಿಕ ತರಗತಿಗಳಲ್ಲಿಯೇ ನಿಂತಿತು. ಆಕೆಯೂ ಅದೇ ವಿಶ್ವವಿದ್ಯಾನಿಲಯದಲ್ಲಿ ಗೌರವ ಪ್ರಾಧ್ಯಾಪಿಕೆಯಾಗಿದ್ದರು. ೨೦೦೯ರ ಶಾಸನದ ಮೂಲಕ ಮೈಸೂರಿನಲ್ಲಿ ಏರ್ಪಟ್ಟ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾನಿಲಯಕ್ಕೆ ಆಕೆಯ ಹೆಸರನ್ನೇ ಇಟ್ಟಿದ್ದಾರೆ. ಪದವಿಯಿಲ್ಲದವರ ಹೆಸರಿನಿಂದ ಪದವಿಗಳನ್ನು ಕೊಡುವುದರಲ್ಲಿ ವಿರೋಧವೇನೂ ಇಲ್ಲ. ಪದವಿಯು ಯಾವುದನ್ನು ಅಳೆಯುತ್ತದೆ, ಯಾವುದನ್ನು ಅಳೆಯಲಾರದು ಎಂಬುದನ್ನು ವಿಶ್ವವಿದ್ಯಾನಿಲಯವೇ ಒಪ್ಪಿಕೊಂಡುದಕ್ಕೆ ಅದು ಗುರುತಾಗಿದೆ.

೯

ಹಾಗಾದರೆ ಎರಡು ವರ್ಷಗಳ ಎಂ. ಎ. ವ್ಯಾಸಂಗದಿಂದ ಸಂಗೀತದ ವಿದ್ಯಾರ್ಥಿಗೆ ದೊರೆಯುವುದೇನು? ಕಂಠವು ಅಲ್ಲಿ ಸಿದ್ಧವಾಗುವುದಿಲ್ಲ. ಒಂದು ರಾಗವನ್ನೇ ವರ್ಷಗಟ್ಟಲೆ ಹಾಡಿಸಿ ಸ್ವರವನ್ನು ನಿಲ್ಲಿಸುತ್ತಿದ್ದ ಗುರುವಿನ ಸಾಧನೆಗೂ, ಗಂಟೆಯ ಲೆಕ್ಕದಲ್ಲಿ ಅನೇಕ ರಾಗಗಳನ್ನು ಮುಗಿಸಬೇಕಾದ ತರಗತಿಗೂ ಹೋಲಿಕೆಯೇ ಇಲ್ಲ. ಕಾಲೇಜಿಗೆ ಬರುವ ಮೊದಲೇ ಹತ್ತಾರು ವರ್ಷ ಕಲಿತು, ಕಾಲೇಜಿನಲ್ಲಿರುವಾಗಲೂ ಗುರುವನ್ನು ಬಿಡದವರು ಮಾತ್ರ ಅಲ್ಲಿಂದ ಗಾಯಕರಾಗಿ ಹೊರಬರುತ್ತಾರೆ. ಇದನ್ನು ಮರೆತು, ಪದವಿಪತ್ರದಿಂದಲೇ ಕಛೇರಿಯ ವೇದಿಕೆಯು ದೊರೆಯುವುದೆಂದು ನಂಬಿ ಹೋದವರಿಗೆ ನಿರಾಶೆಯು ತಪ್ಪದು.

ದೊರೆಯುವುದು ಬೇರೊಂದು. ಒಂದು ಸಣ್ಣ ಉದಾಹರಣೆಯಿಂದ ಅದು ಸ್ಪಷ್ಟವಾಗುವುದು. ತೋಡಿ ಎಂಬ ಹೆಸರು ದಕ್ಷಿಣದಲ್ಲಿಯೂ ಉಂಟು, ಉತ್ತರದಲ್ಲಿಯೂ ಉಂಟು. ದಕ್ಷಿಣದ ತೋಡಿಯ ಸ್ವರಗಳು ಉತ್ತರದಲ್ಲಿ ಭೈರವಿಯ ಥಾಟಿಗೆ ಹತ್ತಿರವಾಗುತ್ತವೆ. ಉತ್ತರದ ತೋಡಿಯ ಸ್ವರಗಳು ದಕ್ಷಿಣದ ಶುಭಪಂತುವರಾಳಿಯಲ್ಲಿ ಸಿಗುತ್ತವೆ. ಹೀಗಿರಲಾಗಿ ಒಂದು ಹಳೆಯ ಗ್ರಂಥದಲ್ಲಿ ತೋಡಿಯೆಂಬ ಹೆಸರನ್ನು ಕಂಡವನು ಯಾವುದನ್ನು ಹಾಡಬೇಕು? ಕೇವಲ ಗಾಯಕನಾದವನು ತನ್ನ ಗುರುವು ಕಲಿಸಿದ ತೋಡಿಯೇ ಅದೆಂದು ನಂಬುವನು. ಕೇವಲ ಪಂಡಿತನಾದವನು ಶ್ಲೋಕದಲ್ಲಿ ಹೇಳಿದ ಸ್ವರಗಳನ್ನು ಲೆಕ್ಕಹಾಕುವನೇ ಹೊರತು, ಅವುಗಳಿಂದ ಒಂದು ರಾಗವು ಮೈದೋರುವುದೋ ಇಲ್ಲವೋ ಎಂಬುದನ್ನು ಅರಿಯನು. ಆ ಗ್ರಂಥವು ಯಾವ ದೇಶದ್ದು, ಯಾವ ಶತಮಾನದ್ದು, ಅದರ ಶುದ್ಧಸ್ವರಗಳು ಯಾವುವು ಎಂಬುದನ್ನು ತಿಳಿದು, ಅದನ್ನು ಕಂಠದಲ್ಲಿಯೂ ಪರೀಕ್ಷಿಸಿ ನೋಡಬಲ್ಲವನೇ ಈ ಪ್ರಶ್ನೆಗೆ ಉತ್ತರ ಹೇಳಲು ಅರ್ಹನು.

ಗ್ರಾಮಾಫೋನು ತಟ್ಟೆಗಳ ವಿಷಯವೂ ಇಂತಹುದೇ. ೧೯೦೨ರಲ್ಲಿ ಕಲಕತ್ತೆಯಲ್ಲಿ ಹಾಡಿದ ಗೌಹರ್‌ಜಾನರ ತಟ್ಟೆಗಳು ಇಂದಿಗೂ ಉಳಿದಿವೆ. ಆಕೆಯು ತನ್ನ ಕಡೆಯ ದಿನಗಳನ್ನು ಮೈಸೂರಿನ ಅರಮನೆಯ ಆಶ್ರಯದಲ್ಲಿ ಕಳೆದು ೧೯೩೦ರಲ್ಲಿ ಅಲ್ಲಿಯೇ ತೀರಿಕೊಂಡಳು. ಅಂತಹ ತಟ್ಟೆಗಳು ಶಾಸನಗಳಷ್ಟೇ ಬೆಲೆಯುಳ್ಳ ಚರಿತ್ರೆಯ ಆಧಾರಗಳು. ಆದರೆ ಮೂರು ನಿಮಿಷಗಳಲ್ಲಿ ಅವಸರವಾಗಿ ಮುಗಿದ ಆ ಗಾಯನದಲ್ಲಿ ಯಾವುದು ಆ ಕಾಲದ ಶೈಲಿ, ಯಾವುದು ಯಂತ್ರದ ಒತ್ತಾಯ ಎಂಬುದನ್ನು ಬೇರ್ಪಡಿಸಿ ಕೇಳಲು ಹಾಡುವವನ ಕಿವಿಯೂ ಬೇಕು, ಚರಿತ್ರಕಾರನ ಸಂಶಯಬುದ್ಧಿಯೂ ಬೇಕು. ಇವೆರಡೂ ಒಬ್ಬನಲ್ಲಿಯೇ ಕೂಡುವಂತೆ ಮಾಡುವ ಸ್ಥಳವು ವಿಶ್ವವಿದ್ಯಾನಿಲಯದ ಹೊರತು ಸದ್ಯಕ್ಕೆ ಮತ್ತೊಂದಿಲ್ಲ.

ಶಾರ್ಙ್ಗದೇವನು ವಾಗ್ಗೇಯಕಾರನಲ್ಲಿ ಬಯಸಿದುದು ಇದನ್ನೇ. ಭಾತಖಂಡೆಯವರು ವಕೀಲಿಯನ್ನು ಬಿಟ್ಟು ಊರೂರು ಅಲೆದುದೂ, ಪಲುಸ್ಕರರು ಸಾಲಮಾಡಿ ವಿದ್ಯಾಲಯವನ್ನು ಕಟ್ಟಿದುದೂ ಇದಕ್ಕಾಗಿಯೇ. ಉಸ್ತಾದರ ಮನೆತನಗಳು ಇಷ್ಟವಿದ್ದೋ ಇಲ್ಲದೆಯೋ ತಮ್ಮ ಆಸ್ತಿಯನ್ನು ಬಿಟ್ಟುಕೊಟ್ಟುದೂ ಇದರ ಲೆಕ್ಕಕ್ಕೇ ಸೇರಿದೆ. ಇಷ್ಟು ಜನರು ಇಷ್ಟು ಬೆಲೆಯನ್ನು ತೆತ್ತು ಸಂಪಾದಿಸಿದ ವ್ಯಾಸಂಗವನ್ನು ಕೇವಲ ಉದ್ಯೋಗದ ಅರ್ಜಿಗೆ ಲಗತ್ತಿಸುವ ಕಾಗದವೆಂದು ಎಣಿಸಿದರೆ ನಷ್ಟವು ಸಂಗೀತಕ್ಕೆ. ಗುರುವಿನ ಮನೆಯ ಸಾಧನೆಯನ್ನು ಬಿಡದೆ, ಗ್ರಂಥಭಂಡಾರದ ಬಾಗಿಲನ್ನೂ ತಟ್ಟುವ ವಿದ್ಯಾರ್ಥಿಗಳು ವರ್ಷಕ್ಕೆ ಕೆಲವರಾದರೂ ಹೊರಬರುತ್ತಿದ್ದರೆ, ಆ ಋಣವು ಸ್ವಲ್ಪಮಟ್ಟಿಗೆ ಸಂದಾಯವಾಯಿತೆಂದು ತಿಳಿಯಬಹುದು.